ಮಗನ ಸಂಬಳ ಲೆಕ್ಕಕ್ಕೆ ಬಂದರೆ ಅಪ್ಪನ ಚಿಕಿತ್ಸೆಯ ಐದು ಲಕ್ಷ ಹೋಗುತ್ತದೆಯೇ? (ಕೊಪ್ಪಳ ಜಿಲ್ಲೆ)

ಎಡದಂಡೆ ಕಾಲುವೆ ಕೇಳಿದ್ದು:

ಕಾರಟಗಿ ಕಡೆಯ ಒಂದು ಮನೆಯ ಲೆಕ್ಕ ಇಡುತ್ತಿದ್ದೇನೆ, ತಿಳಿದವರು ಬಿಡಿಸಿ ಹೇಳಬೇಕು.

ರೇಷನ್ ಕಾರ್ಡ್‌ನಲ್ಲಿ ಆರು ಹೆಸರಿವೆ. ಯಜಮಾನಿ ತಾಯಿ (58), ತಂದೆ (63), ಹಿರಿ ಮಗ, ಸೊಸೆ, 3 ವರ್ಷದ ಮೊಮ್ಮಗಳು, ಮದುವೆಯಾಗದ ಕಿರಿ ಮಗ. ಕಾರ್ಡ್ ಬಿಪಿಎಲ್, ಮಾಡಿಸಿದಾಗ ಇಬ್ಬರು ಮಕ್ಕಳೂ ಓದುತ್ತಿದ್ದರು. ತಂದೆ ಹೆಸರಲ್ಲಿ ಕಾಲುವೆ ಕೆಳಗೆ 4 ಎಕರೆ ಭತ್ತದ ಗದ್ದೆ. ಈಗ ಹಿರಿ ಮಗ ಗಿಣಿಗೇರಿ ಕಡೆಯ ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ, ತಿಂಗಳಿಗೆ 19,500. ಕಿರಿಯವನು ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು 26,000 ದುಡಿಯುತ್ತಾನೆ.

ತಂದೆಗೆ ಎದೆನೋವು. ಆಂಜಿಯೋಗ್ರಾಂ ಮಾಡಿಸಿ, ಬ್ಲಾಕ್ ಇದ್ದರೆ ಸ್ಟೆಂಟ್ ಹಾಕಬೇಕಾಗಬಹುದು ಎಂದಿದ್ದಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಐದು ಲಕ್ಷದವರೆಗೆ ಚಿಕಿತ್ಸೆ, ಆ ಕಾರ್ಡ್‌ಗೆ ವರ್ಷಕ್ಕೆ 1 ಲಕ್ಷ 20 ಸಾವಿರದ ಆದಾಯ ಮಿತಿ ಅಂತ ಎಲ್ಲರೂ ಹೇಳುತ್ತಾರೆ. ಅದು ತಂದೆಯ ಆದಾಯವೋ, ಮನೆಯದೋ? ಆಸ್ಪತ್ರೆಯಲ್ಲಿ ಸಂಬಳದ ಚೀಟಿ ಕೇಳುತ್ತಾರೆಯೇ? ಕಾರ್ಡ್ ಎಪಿಎಲ್ ಆದರೆ ಏನೂ ಸಿಗುವುದಿಲ್ಲವೇ?

---

ಕೋಟೆ ಕೆಳಗಿನವ, ಬಳ್ಳಾರಿ:

ಮಿತಿ ಮನೆಯದು, ತಂದೆಯೊಬ್ಬರದಲ್ಲ. ಕಾರ್ಡ್‌ನಲ್ಲಿ ಹೆಸರಿರುವ ಎಲ್ಲರ ಎಲ್ಲ ಮೂಲದ ವಾರ್ಷಿಕ ಆದಾಯ ಕೂಡಿ 1.20 ಲಕ್ಷ ದಾಟಿದರೆ ಆ ಕುಟುಂಬ ಬಿಪಿಎಲ್‌ಗೆ ಅರ್ಹವಲ್ಲ. ನೀವು ಕೊಟ್ಟ ಅಂಕಿಯನ್ನೇ ಹಿಡಿದರೆ ಹಿರಿಯವನದು 2,34,000, ಕಿರಿಯವನದು 3,12,000. ಗದ್ದೆಯ ಮಾತು ಎತ್ತುವ ಮೊದಲೇ 5,46,000 ಆಯಿತು. ಇದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನವಿಲ್ಲ, ಕಾಗದದ ಪ್ರಕಾರ ಈ ಮನೆ ಗೆರೆ ದಾಟಿದೆ.

ಇನ್ನು ಆಸ್ಪತ್ರೆ. ಅಲ್ಲಿ ಸಂಬಳದ ಚೀಟಿ ಯಾರೂ ಕೇಳುವುದಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಆದಾಯ ಅಳೆಯುವುದು ಆಸ್ಪತ್ರೆಯವರಲ್ಲ, ಆಹಾರ ಇಲಾಖೆಯವರು. ಆಸ್ಪತ್ರೆಯ ಕೌಂಟರ್‌ನಲ್ಲಿರುವ ಆರೋಗ್ಯ ಮಿತ್ರ (ಯೋಜನೆಯ ಸಹಾಯಕ) ನೋಡುವುದು ಎರಡನ್ನೇ, ರೋಗಿಯ ಆಧಾರ್ ಮತ್ತು ರೇಷನ್ ಕಾರ್ಡ್ ಸಂಖ್ಯೆ. ಕಾರ್ಡ್ ಅಂತ್ಯೋದಯ ಅಥವಾ ಆದ್ಯತಾ ಕುಟುಂಬದ್ದು (ಪಿಎಚ್‌ಎಚ್) ಆಗಿದ್ದು, ಅದರಲ್ಲಿ ರೋಗಿಯ ಹೆಸರಿದ್ದರೆ ‘ಅರ್ಹ ರೋಗಿ’. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದ್ಯತೇತರ ಕಾರ್ಡ್ (ಎನ್‌ಪಿಎಚ್‌ಎಚ್, ನಾವು ಎಪಿಎಲ್ ಅನ್ನುವುದು) ಇದ್ದರೆ ಅಥವಾ ಕಾರ್ಡೇ ಇಲ್ಲದಿದ್ದರೆ ‘ಸಾಮಾನ್ಯ ರೋಗಿ’. ಆಗ ಪ್ಯಾಕೇಜ್ ದರದ 30% ಸರ್ಕಾರದ್ದು, 70% ನಿಮ್ಮದು, ಸರ್ಕಾರದ ಪಾಲು ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ದಾಟುವಂತಿಲ್ಲ.

ಬಹಳ ಜನ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡು ಆಸ್ಪತ್ರೆಗೆ ಬರುತ್ತಾರೆ. ಆ ಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ವಿದ್ಯಾರ್ಥಿವೇತನಕ್ಕೆ, ಮುಖ್ಯಮಂತ್ರಿ ಪರಿಹಾರ ನಿಧಿಯ ಅರ್ಜಿಗೆ ಬೇಕಾಗುತ್ತದೆ. ಆದರೆ 30 ಸಾವಿರ ಆದಾಯ ಎಂದು ಬರೆದಿದ್ದರೂ ಅದು ಬಿಪಿಎಲ್ ಕಾರ್ಡ್‌ನ ಜಾಗ ತುಂಬುವುದಿಲ್ಲ. ಕೌಂಟರ್‌ನಲ್ಲಿ ಇದರ ಮೇಲೆಯೇ ದಿನಾ ಜಗಳ.

---

ಶಕ್ತಿನಗರ ಬೂದಿ, ರಾಯಚೂರು:

ಮ್ಯಾಲಿನವರು ಹೇಳಿದ್ದು ಖರೇ ಅದ. ಆ 30% ಬಗ್ಗೆ ಇನ್ನೊಂದೆರಡು ಮಾತು ಹೇಳ್ತೀನಿ, ಯಾಕಂದ್ರ ಅದರಾಗ ಜನ ಭಾಳ ಮೋಸ ಹೋಗ್ತಾರ.

30% ಅನ್ನೋದು ಆಸ್ಪತ್ರೆ ಬಿಲ್ಲಿನ ಮ್ಯಾಲೆ ಅಲ್ರಿ, ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಮ್ಯಾಲೆ. ಲೆಕ್ಕಕ್ಕ ಅಂತ ಒಂದು ಚಿಕಿತ್ಸೆಗೆ ಪ್ಯಾಕೇಜ್ 80,000 ಇಟ್ಕೋರಿ. ಸರ್ಕಾರ 24,000 ಕೊಡ್ತದ, ನೀವು 56,000 ಕಟ್ಟಬೇಕು. ಅದೇ ಚಿಕಿತ್ಸೆಗೆ ಖಾಸಗಿಯವರು ಯೋಜನೆ ಬಿಟ್ಟು 1,80,000 ಹೇಳಿರ್ತಾರ ಅಂದ್ರ, ನಿಮಗ ಖರೇ ಲಾಭ ಆಗೋದು ಆ 24,000ದಾಗ ಅಲ್ಲ, ದರ 80,000ಕ್ಕ ಇಳಿಯೋದರಾಗ. ಹಂಗಾಗಿ ಎಪಿಎಲ್ ಅಂತ ಕೈಬಿಡಬ್ಯಾಡ್ರಿ. ದಾಖಲಾಗೋ ಮುಂಚೆನೇ ‘ಯೋಜನೆ ಅಡಿಯಾಗ ಮಾಡ್ರಿ’ ಅಂತ ಆರೋಗ್ಯ ಮಿತ್ರನ ಮುಂದ ಹೇಳ್ರಿ. ನಗದು ಕಟ್ಟಿ ಡಿಸ್‌ಚಾರ್ಜ್ ಆದ ಮ್ಯಾಲೆ ಬಿಲ್ಲು ಹಿಡಕೊಂಡು ಹೋದ್ರ ವಾಪಸ್ ಕೊಡೋ ಯೋಜನೆ ಅಲ್ಲ ಇದು. ಮೊದಲು ಈ ಯೋಜನೆ ನಡೆಸೋ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಪ್ರೀ-ಆಥ್ (ಮುಂಚಿತ ಒಪ್ಪಿಗೆ) ಬರಬೇಕು, ಆಮ್ಯಾಲೆ ಚಿಕಿತ್ಸೆ.

ಎರಡನೇದು ರೆಫರಲ್. ಬಿಪಿಎಲ್ ಇದ್ರೂ ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದ್ರ ನಡಿಯಂಗಿಲ್ಲ. ಸರಳ ದ್ವಿತೀಯ ಹಂತದ ಚಿಕಿತ್ಸೆ ಸರ್ಕಾರಿ ಆಸ್ಪತ್ರ್ಯಾಗೇ ಆಗಬೇಕು. ಅದಕ್ಕೂ ಮ್ಯಾಲಿನದು, ಅಂದ್ರ ಹೃದಯ, ಕ್ಯಾನ್ಸರ್, ನರದ್ದು, ಮೊದಲು ಸರ್ಕಾರಿ ಆಸ್ಪತ್ರೆ ನೋಡಿ ‘ನಮ್ಮಲ್ಲಿ ಸೌಲಭ್ಯ ಇಲ್ಲ’ ಅಂತ ಬರದು ಕಳಿಸಿದ್ರ ನೋಂದಾಯಿತ ಖಾಸಗಿ ಆಸ್ಪತ್ರ್ಯಾಗ ನಡಿತದ. ತುರ್ತು ಪಟ್ಟಿಯ ಚಿಕಿತ್ಸೆಗೆ ಮಾತ್ರ ರೆಫರಲ್ ಬ್ಯಾಡ. ನಿಮ್ಮ ಕಡಿಂದ ಆದ್ರ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಇಲ್ಲಾ ಬಳ್ಳಾರಿಯ ಬಿಎಂಸಿಆರ್‌ಸಿ (ಜನ ಇನ್ನೂ ವಿಮ್ಸ್ ಅಂತಾರ) ಇಂದ ಚೀಟಿ ತಗೋರಿ. ನಮ್ಮ ಊರಾಗ ರಿಮ್ಸ್, ಓಪೆಕ್ ಆಸ್ಪತ್ರೆ ಅದಾವ. ಹೃದಯಕ್ಕ ಕಲಬುರಗಿಯಾಗ ಜಯದೇವ ಅದ, ಅದು ಸರ್ಕಾರಿ ಸಂಸ್ಥೆನೇ.

ರಾಯಚೂರು, ದೇವದುರ್ಗ ಕಡಿಯವರಿಗೆ ಹೈದರಾಬಾದ್ ಹತ್ರ ಅನಸ್ತದ. ನಡುರಾತ್ರಿ ಗಾಡಿ ಮಾಡ್ಕೊಂಡು ಹೊಂಟುಬಿಡ್ತಾರ. ಎಪಿಎಲ್ಲಿನ 30% ನಂಬಿ ರಾಜ್ಯ ದಾಟಬ್ಯಾಡ್ರಿ. ಬಿಪಿಎಲ್‌ನವರೂ ಹೊಂಡೋ ಮುಂಚೆ ಇಲ್ಲಿನ ಆರೋಗ್ಯ ಮಿತ್ರನ ಕಡಿಂದ ಆ ಆಸ್ಪತ್ರೆ ಹೆಸರು ಹೇಳಿ ಖಾತ್ರಿ ಮಾಡಿಸ್ಕೋರಿ. 104ಕ್ಕ ಫೋನ್ ಹಚ್ಚಿದ್ರೂ ಆಗ್ತದ.

---

ಎಡದಂಡೆ ಕಾಲುವೆ:

ಇಬ್ಬರಿಗೂ ಧನ್ಯವಾದ. ಊರಲ್ಲಿ ಸೈಬರ್ ಅಂಗಡಿಯವರು ‘ಇಬ್ಬರು ಮಕ್ಕಳ ಹೆಸರು ತೆಗೆಸಿಬಿಡಿ, ತಂದೆ ತಾಯಿದು ಮಾತ್ರ ಬಿಪಿಎಲ್ ಉಳಿಯುತ್ತದೆ’ ಅನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಮತ್ತೆ ಕಿರಿ ಮಗ ಬೈಕ್ ಸಾಲಕ್ಕಾಗಿ ಹೋದ ವರ್ಷ ಐಟಿ ರಿಟರ್ನ್ ಹಾಕಿದ್ದಾನೆ, ತೆರಿಗೆ ಸೊನ್ನೆ. ಅದರಿಂದ ಕಾರ್ಡ್‌ಗೆ ತೊಂದರೆ ಇದೆಯೇ?

---

ಪಹಣಿ ಪತ್ರಿಕೆ, ಸಿಂಧನೂರು:

ಸೈಬರ್ ಅಂಗಡಿಯ ಸಲಹೆ ಅರ್ಧ ಸರಿ, ಅರ್ಧ ಅಪಾಯ.

ಕುಟುಂಬ ಅಂದರೆ ರಕ್ತಸಂಬಂಧವಲ್ಲ, ಒಂದೇ ಒಲೆ. ಬೆಂಗಳೂರಿನಲ್ಲಿ ಬೇರೆ ಇದ್ದು, ಅಲ್ಲೇ ಉಂಡು, ಅಲ್ಲೇ ದುಡಿಯುವ ಮಗನ ಹೆಸರು ಕಾರಟಗಿಯ ಕಾರ್ಡ್‌ನಲ್ಲಿ ಇರಬೇಕಾಗಿಯೇ ಇಲ್ಲ. ಅವನ ಹೆಸರು ತೆಗೆಸುವುದು ನ್ಯಾಯವೇ. ಹಿರಿಯವನು ಅದೇ ಮನೆಯಲ್ಲಿ, ಅದೇ ಒಲೆಯ ಮೇಲೆ ಇದ್ದುಕೊಂಡು ಕಾಗದದಲ್ಲಿ ಮಾತ್ರ ಬೇರೆಯಾದರೆ ಅದು ಸುಳ್ಳು ಘೋಷಣೆ. ಆಹಾರ ನಿರೀಕ್ಷಕರು ಸ್ಥಳಕ್ಕೆ ಬಂದಾಗ ಮೊದಲು ಇಣುಕುವುದು ಅಡುಗೆಮನೆಗೇ, ಎಷ್ಟು ಸಿಲಿಂಡರ್, ಎಷ್ಟು ಒಲೆ ಅಂತ. ನಿಜವಾಗಿ ಪಾಲಾಗಿ, ಬೇರೆ ಬಾಗಿಲು ಬೇರೆ ಅಡುಗೆ ಆಗಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಹಾಗೆ ಬೇರೆಯಾದ ಮೇಲೂ ತಂದೆ ತಾಯಿಯ ಕಾರ್ಡ್ ತಾನೇ ತಾನಾಗಿ ಬಿಪಿಎಲ್ ಆಗಿ ಉಳಿಯುತ್ತದೆ ಎಂದಲ್ಲ. ಅವರ ಸ್ವಂತ ಆದಾಯ 1.20 ಲಕ್ಷದ ಒಳಗಿರಬೇಕು, ಜೊತೆಗೆ ಉಳಿದ ಹೊರಗಿಡುವ ಮಾನದಂಡಗಳೂ ಇವೆ. 3 ಹೆಕ್ಟೇರ್ ಖುಷ್ಕಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಮೀರಬಾರದು. 3 ಹೆಕ್ಟೇರ್ ಅಂದರೆ 7 ಎಕರೆ 16 ಗುಂಟೆ ಹತ್ತಿರ. ಲಿಂಗಸುಗೂರು, ಕುಷ್ಟಗಿ ಕಡೆಯ ಒಣಬೇಸಾಯಕ್ಕೆ ಈ ಮಿತಿ ದೊಡ್ಡದಾಗಿ ಕಾಣುತ್ತದೆ. ನಿಮ್ಮದು ಕಾಲುವೆ ಕೆಳಗಿನ ಗದ್ದೆ, ಆದ್ದರಿಂದ ‘ನಾಲ್ಕೇ ಎಕರೆ’ ಎಂದು ನಿಶ್ಚಿಂತೆಯಿಂದ ಕೂರುವ ಮೊದಲು ಪಹಣಿಯಲ್ಲಿ ಜಮೀನು ಯಾವ ವರ್ಗದಲ್ಲಿ ಕೂತಿದೆ, ನೀರಾವರಿ ಮೂಲ ಏನೆಂದು ಬರೆದಿದೆ ನೋಡಿಕೊಳ್ಳಿ. ನಗರ ಪ್ರದೇಶದಲ್ಲಿ 1000 ಚದರ ಅಡಿ ಮೀರಿದ ಸ್ವಂತ ಮನೆ, ಜೀವನೋಪಾಯಕ್ಕಲ್ಲದ ನಾಲ್ಕು ಚಕ್ರದ ವಾಹನ, ಸರ್ಕಾರಿ ಅಥವಾ ನಿಗಮ ಮಂಡಳಿಯ ಕಾಯಂ ನೌಕರಿ, ಆದಾಯ ತೆರಿಗೆ, ಜಿಎಸ್‌ಟಿ, ವೃತ್ತಿ ತೆರಿಗೆ, ಇವುಗಳಲ್ಲಿ ಒಂದಿದ್ದರೂ ಸಾಕು, ಆದಾಯದ ಅಂಕಿ ನೋಡುವ ಗೋಜಿಗೇ ಹೋಗುವುದಿಲ್ಲ. ಟ್ರ್ಯಾಕ್ಟರ್‌ಗೆ, ಬಾಡಿಗೆಗೆ ಓಡಿಸುವ ಒಂದು ಗಾಡಿಗೆ ವಿನಾಯಿತಿ ಇದೆ.

ರಿಟರ್ನ್ ವಿಷಯ. ನಿಯಮದಲ್ಲಿರುವುದು ‘ತೆರಿಗೆ ಪಾವತಿದಾರ’, ‘ರಿಟರ್ನ್ ಸಲ್ಲಿಸಿದವ’ ಅಲ್ಲ. ಆದರೆ ಆಧಾರ್–ಪ್ಯಾನ್ ಜೋಡಿಸಿ ಪಟ್ಟಿ ತೆಗೆಯುವಾಗ ಈ ಎರಡೂ ಕಲಸಿಹೋಗುತ್ತವೆ. 2024ರ ನವೆಂಬರ್‌ನಲ್ಲಿ ರಾಜ್ಯದಾದ್ಯಂತ ಕಾರ್ಡ್ ರದ್ದತಿಯ ಗಲಾಟೆ ಎದ್ದಾಗ ಸಾಲಕ್ಕೆಂದು ರಿಟರ್ನ್ ಹಾಕಿದವರೂ ಅದರಲ್ಲಿ ಸಿಕ್ಕಿಬಿದ್ದಿದ್ದರು. ಕೊನೆಗೆ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿ ಕೊಡುವಂತೆ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಹೀಗಾಗಿ ಕಿರಿ ಮಗ ತನ್ನ ರಿಟರ್ನ್‌ನ ಸ್ವೀಕೃತಿ ಪತ್ರವನ್ನು, ಪಾವತಿಸಿದ ತೆರಿಗೆ ಸೊನ್ನೆ ಎಂದು ಕಾಣುವ ಪುಟದ ಸಮೇತ, ಮುದ್ರಿಸಿ ಇಟ್ಟುಕೊಳ್ಳಲಿ. ಕಾರ್ಡ್ ಪಟ್ಟಿಯಲ್ಲಿ ಬಂದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಆಹಾರ ಶಿರಸ್ತೇದಾರರಿಗೆ ಅದನ್ನೇ ತೋರಿಸಬೇಕು.

ಇನ್ನೊಂದು ಮಾತು. ತಿದ್ದುಪಡಿ, ಹೆಸರು ಸೇರ್ಪಡೆಯ ಕಿಂಡಿ ವರ್ಷವಿಡೀ ತೆರೆದಿರುವುದಿಲ್ಲ, ಇಲಾಖೆ ದಿನಾಂಕ ಕೊಟ್ಟಾಗ ಮಾತ್ರ. ತಂದೆ ಆಸ್ಪತ್ರೆಯ ಹಾಸಿಗೆ ಮೇಲಿರುವಾಗ ಕಾರ್ಡ್‌ಗೆ ಕೈಹಾಕಬೇಡಿ.

---

ಗಿಣಿಗೇರಿ ಬಿ ಶಿಫ್ಟ್:

ಎಲ್ಲರೂ ರೇಷನ್ ಕಾರ್ಡ್ ಹಿಡಿದು ಜಗ್ಗಾಡುತ್ತಿದ್ದೀರಿ. ಹಿರಿ ಮಗನ ಸಂಬಳ 19,500 ಎಂದು ಮೊದಲ ಪ್ಯಾರಾದಲ್ಲೇ ಇದೆ. ಅಂದರೆ ಅವನು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಒಳಗೆ ಇರಲೇಬೇಕು. ಮಿತಿ ತಿಂಗಳಿಗೆ 21,000 (ಅಂಗವಿಕಲರಿಗೆ 25,000). ಇಲ್ಲಿ ಮನೆಯ ಆದಾಯ ಕೇಳುವುದಿಲ್ಲ, ಕಾರ್ಮಿಕನ ಸಂಬಳವೊಂದೇ ಲೆಕ್ಕ. ಅವನ ಸಂಬಳದಿಂದ 0.75% ಕಡಿತ, ಮಾಲೀಕರದ್ದು 3.25%. 19,500ಕ್ಕೆ ಅವನ ಪಾಲು 146 ರೂಪಾಯಿ ಚಿಲ್ಲರೆ. ಸಂಬಳದ ಚೀಟಿಯಲ್ಲಿ ಆ ಕಡಿತ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಗುತ್ತಿಗೆದಾರ ಕಟ್ಟುತ್ತಿಲ್ಲ ಎಂದರ್ಥ. ಆಗ ಮೂಲ ಕಾರ್ಖಾನೆಯೂ ಜವಾಬ್ದಾರ, ಅದರ ಎಚ್‌ಆರ್ ವಿಭಾಗಕ್ಕೆ ಬರೆದು ಕೊಡಿ.

ಈಗ ತಂದೆಯ ವಿಷಯ, ಇಲ್ಲಿ ನಿಜವಾಗಿ ಆದಾಯದ ಲೆಕ್ಕ ಬರುತ್ತದೆ. ಇಎಸ್‌ಐನಲ್ಲಿ ತಂದೆ ತಾಯಿಯನ್ನು ಅವಲಂಬಿತರೆಂದು ಸೇರಿಸಬೇಕಾದರೆ ಎಲ್ಲ ಮೂಲಗಳಿಂದ ಅವರ ಆದಾಯ ತಿಂಗಳಿಗೆ 9,000 ಮೀರಬಾರದು. ಗದ್ದೆ ತಂದೆ ಹೆಸರಲ್ಲಿದೆ. ಬೀಜ, ಗೊಬ್ಬರ, ನಾಟಿ, ಕಟಾವಿನ ಮಷಿನ್ ಬಾಡಿಗೆ ಎಲ್ಲ ಕಳೆದು ಎಕರೆಗೆ ಬೆಳೆಯೊಂದಕ್ಕೆ 25,000 ಉಳಿಯಿತು ಎಂದಿಟ್ಟುಕೊಳ್ಳಿ. ಒಂದೇ ಬೆಳೆಯಾದರೆ 4 ಎಕರೆಗೆ ವರ್ಷಕ್ಕೆ 1,00,000, ತಿಂಗಳಿಗೆ 8,333. ಒಳಗೆ ಬಂದರು. ಎರಡನೇ ಬೆಳೆಗೂ ಕಾಲುವೆಗೆ ನೀರು ಬಿಟ್ಟರೆ 2,00,000, ತಿಂಗಳಿಗೆ 16,666. ಹೊರಗೆ ಹೋದರು. ತುಂಗಭದ್ರೆಯಲ್ಲಿ ಎಷ್ಟು ನೀರಿದೆ ಎನ್ನುವುದರ ಮೇಲೆ ಅಪ್ಪ ಮಗನ ಅವಲಂಬಿತನೋ ಅಲ್ಲವೋ ಎಂದು ತೀರ್ಮಾನವಾಗುವುದು ನಮ್ಮ ಕಡೆ ಮಾತ್ರ ಇರಬೇಕು. ಗದ್ದೆ ಗುತ್ತಿಗೆಗೆ ಕೊಟ್ಟಿದ್ದರೆ ಬರುವ ಚೀಲಗಳನ್ನು ಹಣಕ್ಕೆ ಇಳಿಸಿ ಇದೇ ರೀತಿ ಹನ್ನೆರಡರಿಂದ ಭಾಗಿಸಿ. ನಿಮ್ಮ ನಿಜವಾದ ಅಂಕಿ ಹಾಕಿ ನೋಡಿ, ನಾನು ಕೊಟ್ಟದ್ದು ಲೆಕ್ಕದ ದಾರಿ ಅಷ್ಟೇ.

ಒಳಗೆ ಬಂದರೂ ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಒಂದು, ಸ್ಟೆಂಟ್ ಸೂಪರ್ ಸ್ಪೆಷಾಲಿಟಿ ಚಿಕಿತ್ಸೆ. ಸಾಮಾನ್ಯ ಚಿಕಿತ್ಸೆ ಕೆಲಸಕ್ಕೆ ಸೇರಿದ ದಿನದಿಂದಲೇ ಇರುತ್ತದೆ, ಆದರೆ ಸೂಪರ್ ಸ್ಪೆಷಾಲಿಟಿಗೆ ಕಾರ್ಮಿಕನಿಗೇ ಆದರೆ 6 ತಿಂಗಳ ಸೇವೆ ಮತ್ತು 78 ದಿನದ ವಂತಿಗೆ, ಕುಟುಂಬದವರಿಗಾದರೆ 1 ವರ್ಷದ ಸೇವೆ ಮತ್ತು 156 ದಿನದ ವಂತಿಗೆ ಬೇಕು. ಗುತ್ತಿಗೆ ಕೆಲಸದಲ್ಲಿ ತಪ್ಪುವುದು ಇಲ್ಲೇ. ವರ್ಷಕ್ಕೊಬ್ಬ ಗುತ್ತಿಗೆದಾರ ಬದಲಾದಾಗ ಹೊಸಬ ಹಳೆಯ ಸಂಖ್ಯೆ ಕೇಳದೆ ಹೊಸ ಇಎಸ್‌ಐ ಸಂಖ್ಯೆ ಮಾಡಿಬಿಡುತ್ತಾನೆ. ಮೂರು ವರ್ಷ ದುಡಿದವನ ಖಾತೆಯಲ್ಲಿ ನಾಲ್ಕು ತಿಂಗಳು ಮಾತ್ರ ಕಾಣುತ್ತದೆ. ಇಎಸ್‌ಐ ಸಂಖ್ಯೆ ಜೀವನಕ್ಕೆ ಒಂದೇ. ಹಳೆಯದನ್ನೇ ಕೊಡಿ, ಎರಡಾಗಿದ್ದರೆ ಶಾಖಾ ಕಚೇರಿಯಲ್ಲಿ ಒಂದುಗೂಡಿಸಲು ಅರ್ಜಿ ಹಾಕಿ. ವಂತಿಗೆಯ ದಿನಗಳನ್ನು ಇಎಸ್‌ಐ ಪೋರ್ಟಲ್‌ನಲ್ಲಿ ಅಥವಾ ಉಮಂಗ್ ಆ್ಯಪ್‌ನಲ್ಲಿ ಕಾರ್ಮಿಕನೇ ನೋಡಬಹುದು.

ಎರಡು, ಇಎಸ್‌ಐನ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡ್‌ನಲ್ಲಿ ಹೆಂಡತಿ ಮಗುವಿನ ಹೆಸರು ಮಾತ್ರ ಇರುತ್ತದೆ, ತಂದೆ ತಾಯಿಯದು ಸೇರಿಸಿರುವುದಿಲ್ಲ. ಕೆಲಸಕ್ಕೆ ಸೇರುವ ದಿನ ಗುತ್ತಿಗೆದಾರನ ಹುಡುಗ ಅವಸರದಲ್ಲಿ ತುಂಬಿದ ಫಾರಂ ಅದು. ಈಗಲೇ ಸೇರಿಸಿ, ಆಧಾರ್ ಜೋಡಿಸಿ. ಆಮೇಲೆ ಕಾರ್ಡ್‌ನ ಮೇಲೆ ಬರೆದಿರುವ ಡಿಸ್ಪೆನ್ಸರಿಗೆ ತಂದೆಯನ್ನು ಕರೆದೊಯ್ದು, ಅಲ್ಲಿಂದ ರೆಫರಲ್ ಪಡೆದು ಒಪ್ಪಂದದ ಆಸ್ಪತ್ರೆಗೆ ಹೋಗಬೇಕು. ರೆಫರಲ್ ಇಲ್ಲದೆ ನೇರ ಹೋದರೆ ಹಣ ನಿಮ್ಮದು.

ಸಂಬಳ ಹೆಚ್ಚಾಗುವ ಭಯಕ್ಕೂ ಒಂದು ಉತ್ತರ. ಓಟಿ ಹಣ 21,000ದ ಮಿತಿಗೆ ಲೆಕ್ಕವಿಲ್ಲ. ಜುಲೈನಲ್ಲಿ ಸಂಬಳವೇ 21,800ಕ್ಕೆ ಏರಿದರೂ ಆ ವಂತಿಗೆ ಅವಧಿ ಮುಗಿಯುವ ಸೆಪ್ಟೆಂಬರ್ 30ರವರೆಗೆ ಕಡಿತ ನಡೆಯಬೇಕು. ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಸೌಲಭ್ಯದ ಅವಧಿ ಮುಂದಿನ ಜನವರಿ 1ರಿಂದ ಜೂನ್ 30. ಸಂಬಳ ಏರಿದ ಮರುದಿನವೇ ಕಾರ್ಡ್ ಸತ್ತಿತು ಎಂದು ಗುತ್ತಿಗೆದಾರ ಹೇಳಿದರೆ ನಂಬಬೇಡಿ.

---

ಡೈರಿ ಕ್ಯಾನು, ಗಂಗಾವತಿ:

ಇಎಸ್‌ಐನಲ್ಲಿ ತಂದೆ ಹೊರಗೆ ಬಿದ್ದು, ಬಿಪಿಎಲ್ಲೂ ಹೋದರೆ ಉಳಿಯುವ ಜಾಗ ಯಶಸ್ವಿನಿ, ಸಹಕಾರ ಸಂಘಗಳ ಸದಸ್ಯರಿಗಿರುವ ರಾಜ್ಯದ ಆರೋಗ್ಯ ಯೋಜನೆ. ಇದಕ್ಕೆ 1.20 ಲಕ್ಷದ ಮಿತಿ ಇಲ್ಲ. ಬೇಕಿರುವುದು ಸಹಕಾರ ಸಂಘದ ಸದಸ್ಯತ್ವ, ಸೊಸೈಟಿಯದಾಗಲಿ ಹಾಲಿನ ಸಂಘದ್ದಾಗಲಿ. ಗ್ರಾಮೀಣ ಸಂಘದವರಿಗೆ 4 ಜನರವರೆಗಿನ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿ ಹೆಸರಿಗೆ 100. ನಗರ ಸಂಘದವರಿಗೆ 1000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ, ನಿಗದಿಪಡಿಸಿದ ಪಟ್ಟಿಯೊಳಗಿನದಕ್ಕೆ, ನೋಂದಾಯಿತ ಆಸ್ಪತ್ರೆಗಳಲ್ಲಿ.

ಇಲ್ಲಿಯೂ ಆದಾಯದ ಒಂದು ಗೇಟು ಇದೆ, ಆದರೆ ಬೇರೆ ಬಗೆಯದು. ಸರ್ಕಾರಿ ನೌಕರಿ, ಅಥವಾ ಖಾಸಗಿಯಲ್ಲಿ ತಿಂಗಳಿಗೆ 30,000 ಮತ್ತು ಮೇಲಿನ ಸಂಬಳ, ಅಥವಾ ಬೇರೆ ವಿಮೆ ಇದ್ದರೆ ಅರ್ಹತೆ ಇಲ್ಲ. ನಿಮ್ಮ ಕಿರಿಯವನು 26,000ದಲ್ಲಿದ್ದಾನೆ, ಒಂದು ಬಡ್ತಿ ಸಿಕ್ಕರೆ ಆ ಗೆರೆಯೂ ದಾಟುತ್ತಾನೆ. ಹಿರಿಯವನು ಇಎಸ್‌ಐನಲ್ಲಿರುವುದರಿಂದ ಅವನ, ಹೆಂಡತಿ, ಮಗುವಿನ ಹೆಸರನ್ನು ಯಶಸ್ವಿನಿ ಫಾರಂನಲ್ಲಿ ಹಾಕಬೇಡಿ. ತಂದೆ ತಾಯಿ ಇಬ್ಬರದೇ ಮಾಡಿ, 500ರಲ್ಲಿ ಮುಗಿಯುತ್ತದೆ.

ಇದರ ತೊಂದರೆ ಒಂದೇ, ನೋಂದಣಿ ನಡೆಯುವ ತಿಂಗಳುಗಳು ಬಿಟ್ಟರೆ ಉಳಿದ ಕಾಲ ಬಾಗಿಲು ಮುಚ್ಚಿರುತ್ತದೆ. ಎದೆನೋವು ಬಂದ ಮೇಲೆ ಸೊಸೈಟಿಗೆ ಓಡಿದರೆ ಕಾರ್ಯದರ್ಶಿ ಮುಂದಿನ ವರ್ಷ ಬಾ ಅನ್ನುತ್ತಾನೆ. ನಮ್ಮ ರಾಬಕೊ ಒಕ್ಕೂಟದ ಹಾಲಿನ ಸಂಘಗಳಲ್ಲಿ ಸೂಚನಾ ಫಲಕಕ್ಕೆ ಅಂಟಿಸುತ್ತಾರೆ, ಹಾಲು ಹಾಕಲು ಹೋದವರು ಓದದೆ ಬರುತ್ತಾರೆ. ಕಟ್ಟಿದ ರಸೀದಿ ಜೋಪಾನ ಮಾಡಿ, ಯಶಸ್ವಿನಿ ಕಾರ್ಡ್‌ನಲ್ಲಿ ಹೆಸರಿನ ಅಕ್ಷರ ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿ. ‘ಬಸಪ್ಪ’ ಒಂದು ಕಡೆ ‘ಬಸವರಾಜ’ ಇನ್ನೊಂದು ಕಡೆ ಆದರೆ ಕೌಂಟರ್‌ನಲ್ಲಿ ನಿಲ್ಲಿಸುತ್ತಾರೆ.

---

ಕೋಟೆ ಕೆಳಗಿನವ, ಬಳ್ಳಾರಿ:

ಕಿರಿ ಮಗನ ಕಂಪನಿಯಲ್ಲಿ ಗುಂಪು ವಿಮೆ ಇದೆಯೇ ಕೇಳಿ. 26,000 ಅಂದರೆ ಇಎಸ್‌ಐ ಮಿತಿ ಮೀರಿದೆ, ಹಾಗಾಗಿ ಬಹಳ ಕಂಪನಿಗಳು ಗುಂಪು ಪಾಲಿಸಿ ಕೊಟ್ಟಿರುತ್ತವೆ. ತಂದೆ ತಾಯಿಯನ್ನು ಹೆಚ್ಚುವರಿ ಕಂತು ಕಟ್ಟಿ ಸೇರಿಸುವ ಅವಕಾಶ ಸಾಮಾನ್ಯವಾಗಿ ಕೆಲಸಕ್ಕೆ ಸೇರುವಾಗ, ಇಲ್ಲವೇ ಪಾಲಿಸಿ ನವೀಕರಣದ ವೇಳೆ ಮಾತ್ರ. ಗುಂಪು ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ ಇರುವುದುಂಟು, ಅದೇ ಅದರ ದೊಡ್ಡ ಗುಣ.

ಹೊರಗಿನಿಂದ ಬಿಡಿ ಪಾಲಿಸಿ ಕೊಳ್ಳುವುದಾದರೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ. 20,000 ಕಂತಿಗೆ ಮೊದಲು 23,600 ಕಟ್ಟಬೇಕಿತ್ತು, ಈಗ 20,000. ಆದರೆ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 3 ವರ್ಷ ಕಾಯಿಸಬಹುದು. ತಂದೆಯ ಎದೆನೋವು ಈಗಾಗಲೇ ಆಸ್ಪತ್ರೆ ಚೀಟಿಯಲ್ಲಿದೆ, ಮುಚ್ಚಿಟ್ಟು ಪಾಲಿಸಿ ಕೊಂಡರೆ ಕ್ಲೈಮ್ ಹೊತ್ತಿಗೆ ಅದೇ ಚೀಟಿ ಹೊರಗೆ ಬರುತ್ತದೆ. ಏಜೆಂಟ್ ವಿಮೆ ಕಂತಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಆಸೆ ತೋರಿಸಿದರೆ, ತೆರಿಗೆಯೇ ಬೀಳದ 3.12 ಲಕ್ಷದ ಸಂಬಳಕ್ಕೆ ಅದರಿಂದ ಬರುವುದು ಸೊನ್ನೆ. ಹೊಸ ತೆರಿಗೆ ಪದ್ಧತಿಯಲ್ಲಂತೂ ಆ ವಿನಾಯಿತಿಯೇ ಇಲ್ಲ.

---

ಎಡದಂಡೆ ಕಾಲುವೆ:

ಇಎಸ್‌ಐ ಇದೆ, ಸಂಬಳದ ಚೀಟಿಯಲ್ಲಿ ಕಡಿತವೂ ಇದೆ. ಸಂಖ್ಯೆ ಒಂದೇ, ಸೇವೆ 2 ವರ್ಷ. ತಂದೆ ಹೆಸರು ಸೇರಿಸಿಲ್ಲ. ಹೋದ ವರ್ಷ ಒಂದೇ ಬೆಳೆ, ಖರ್ಚು ಕಳೆದು ತಿಂಗಳಿಗೆ 7,000 ಬೀಳುತ್ತದೆ. ಹಾಗಿದ್ದರೆ ಮೊದಲು ಯಾವುದು ಮಾಡಲಿ? ಸೇರಿಸುವ ಮೊದಲೇ ನೋವು ಜಾಸ್ತಿಯಾದರೆ?

---

ಗಿಣಿಗೇರಿ ಬಿ ಶಿಫ್ಟ್:

ಇಂದೇ ತಂದೆ ತಾಯಿಯ ಆಧಾರ್, ಫೋಟೊ ತೆಗೆದುಕೊಂಡು ಮಗ ಹೆಸರು ಸೇರಿಸಲಿ, ಒಪ್ಪಿಗೆ ಬಂದ ಮೇಲೆ ಇ-ಪೆಹಚಾನ್ ಮತ್ತೆ ಮುದ್ರಿಸಲಿ. ಹೋದ ವರ್ಷದ ಬೆಳೆಯ ಮಾರಾಟ ಚೀಟಿ, ಪಹಣಿ, ಖರ್ಚಿನ ರಸೀದಿಗಳು ಒಂದು ಕವರ್‌ನಲ್ಲಿ ಇರಲಿ, 7,000 ಎಂದು ಹೇಳಿದ್ದಕ್ಕೆ ಆಧಾರ ಕೇಳಿದರೆ ಕೊಡಬೇಕು. ಆಮೇಲೆ ಡಿಸ್ಪೆನ್ಸರಿ, ರೆಫರಲ್, ಆಂಜಿಯೋಗ್ರಾಂ.

---

ಶಕ್ತಿನಗರ ಬೂದಿ, ರಾಯಚೂರು:

ನೋವು ಜಾಸ್ತಿ ಆದ್ರ ಕಾಗದದ ದಾರಿ ಕಾಯಬ್ಯಾಡ್ರಿ. 108 ಕರೀರಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ರಿ. ರೇಷನ್ ಕಾರ್ಡ್, ಆಧಾರ್ ಎರಡೂ ಜೋಡಿ ತಗೊಂಡು ಹೋಗ್ರಿ, ಆಯುಷ್ಮಾನ್ ಕಾರ್ಡ್ ಮುದ್ರಿಸಿರದಿದ್ರೂ ಅಲ್ಲೇ ನೋಂದಣಿ ಮಾಡ್ತಾರ. ಹೊರಗಿಂದ ಔಷಧ ತರ್ರಿ, ಮುಂಗಡ ಕಟ್ರಿ ಅಂತ ಯಾರಾದ್ರೂ ಅಂದ್ರ ರಸೀದಿ ಕೇಳ್ರಿ, ಆರೋಗ್ಯ ಮಿತ್ರನ್ನ ಅಲ್ಲಿಗೇ ಕರೀರಿ, 104ಕ್ಕ ದೂರು ಬರೆಸ್ರಿ. ಮೊಮ್ಮಗಳ ಹೆಸರು ಕಾರ್ಡಿನಾಗ ಬಂದದಂತ ಹೇಳಿದ್ರಿ, ಆಕಿ ಆಧಾರ್ ಮಾಡಿಸೀರೋ ಇಲ್ಲೋ ಅದನ್ನೂ ಒಮ್ಮೆ ನೋಡ್ರಿ.